ಗರಿಗರಿ ಬೆಳ್ಳಗೆ ಮಾಡಿದ ಹೂವು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಬೀದಿಗೆಲ್ಲ ಅವನು ಗರಿಗರಿ. ಲಾಂಡ್ರಿ ಅವನದು. ಅಲ್ಲಿ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿದ ಶರ್ಟನ್ನು ನೆಲದ ಮೇಲಿಟ್ಟರೆ ತಾನಾಗಿ ನಿಲ್ಲುತ್ತದೆ, ಹಿಂದಿನಿಂದ ಸ್ವಲ್ಪ ತಳ್ಳಿದರೆ ಕಚೇರಿಗೂ ಹೋಗಿ ಬರುತ್ತದೆ ಎಂದು ಎದುರಿನ ಕ್ಷೌರದಂಗಡಿಯವನು ತಮಾಷೆ ಮಾಡುತ್ತಿದ್ದ. ಗರಿಗರಿಗೆ ಅದು ತಮಾಷೆಯಾಗಿ ಕೇಳಿಸುತ್ತಲೇ ಇರಲಿಲ್ಲ. ಹೊಗಳಿಕೆ ಎಂದುಕೊಂಡು ಇನ್ನಷ್ಟು ಗಂಜಿ ಕಲಸುತ್ತಿದ್ದ.

ಕಲೆ ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ. ಯಾರದೋ ಮನೆಗೆ ಊಟಕ್ಕೆ ಹೋದರೆ ಕಣ್ಣು ತಟ್ಟೆಯ ಮೇಲಿರದೆ ಮೇಜಿನ ಬಟ್ಟೆಯ ಮೇಲೆ ಓಡಾಡುತ್ತಿತ್ತು. "ಇದು ಚಹಾ. ಹಳೇದು. ವಿನಿಗರ್‌ನಲ್ಲಿ ನೆನೆಸಿ, ಹೋಗುತ್ತೆ" ಎಂದು ಮನೆಯಾಕೆಗೆ ಹೇಳಿಯೇ ಬಿಡುತ್ತಿದ್ದ. ಮೇಜಿನ ಕೆಳಗೆ ಹೆಂಡತಿ ಅವನ ಕಾಲು ತುಳಿಯುತ್ತಿದ್ದಳು. ಅವನು "ಯಾಕೆ ತುಳೀತೀಯಾ?" ಎಂದು ಎಲ್ಲರೆದುರಿಗೆ ಗಟ್ಟಿಯಾಗಿ ಕೇಳುತ್ತಿದ್ದ. ಅಂಥ ಮನುಷ್ಯ. ಕೆಟ್ಟವನಲ್ಲ, ಕೈ ಸುಮ್ಮನಿರದವನು.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೇಕರಿಯೊಂದರಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಅವರ ಏಪ್ರನ್ ಒಂದು ಮಗಳ ಪಾಲಿಗೆ ಬಂತು. ಅವಳು ಅದನ್ನು ಬೀರುವಿನಲ್ಲಿಟ್ಟಿದ್ದಳು. ಒಂದು ದಿನ ಅದು ಗರಿಗರಿಯ ಕಣ್ಣಿಗೆ ಬಿತ್ತು. ಮುಂಭಾಗದಲ್ಲಿ ಅಂಗೈಯಗಲದ ಕಂದು ಕಲೆ! ಕೋಕೋ ಕಲೆ ಅಂದರೆ ಸುಲಭಕ್ಕೆ ಜಗ್ಗುವಂಥದ್ದಲ್ಲ. ಅವನು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅದರ ಮೇಲೆ ಹರಿಸಿ, ನೀಲಿ ಹಾಕಿ, ಗಂಜಿ ಹಾಕಿ, ಹೊಸದರ ಹಾಗೆ ಮಡಿಸಿ ಹೆಂಡತಿಯ ಮಡಿಲಲ್ಲಿಟ್ಟ. ಅವಳು ಅದನ್ನು ಬಿಡಿಸಿ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.

"ಖುಷಿ ತಡೀಲಾರದೆ ಅತ್ಲು ನೋಡಪ್ಪ" ಎಂದು ಅವನು ಮರುದಿನ ಕ್ಷೌರದವನಿಗೆ ಹೇಳಿದ. ವರ್ಷಗಟ್ಟಲೆ ಹಾಗೆಯೇ ನಂಬಿದ್ದ.

ಹೆಂಡತಿ ಮೊದಲು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಹಲ್ಲು ಕೀಳಿಸಿಕೊಳ್ಳಲು ಬಂದವರು ಹೆದರಿಕೆ ಮರೆಯಲಿ ಎಂದು ಡಾಕ್ಟರು ಹೊರಗಿನ ಕೋಣೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದರು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಎರಡು ಮೀನು, ಅವುಗಳ ಮನೆಯಾಗಿ ಒಂದು ಅನಿಮೋನ್. ನೋಡಿದರೆ ಹೂವು, ಆದರೆ ಪ್ರಾಣಿ. ಕೆಳಗೆ ಕಲ್ಲನ್ನು ಹಿಡಿದುಕೊಳ್ಳುವ ಪಾದ, ನಡುವೆ ಪುಟ್ಟ ಬಾಯಿ, ಬಾಯಿಯ ಸುತ್ತ ನೀರಲ್ಲಿ ತೂಗಾಡುವ ಎಳೆಗಳು. ಡಾಕ್ಟರು ವಯಸ್ಸಾಗಿ ಕ್ಲಿನಿಕ್ ಮುಚ್ಚಿದಾಗ, "ಇದನ್ನ ನೋಡ್ಕೊಂಡಿದ್ದು ನೀನು, ಇದು ನಿನ್ನದೇ" ಎಂದು ತೊಟ್ಟಿಯನ್ನು ಅವಳಿಗೇ ಕೊಟ್ಟುಬಿಟ್ಟರು. ಲಾಂಡ್ರಿಯ ಮೇಲೇ ಇದ್ದ ಮೂರನೇ ಮಹಡಿಯ ಮನೆಗೆ ಅದನ್ನು ಹತ್ತಿಸುವಷ್ಟರಲ್ಲಿ ಗರಿಗರಿಗೆ ಏಳು ಕೆರೆಯ ನೀರು ಕುಡಿದ ಹಾಗಾಗಿತ್ತು. ಅವಳು ಮಾತ್ರ ಅಂದಿನಿಂದ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಅದರ ಮುಂದೆ ಕೂರುವಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಲು ಗರಿಗರಿಗೂ ಇಷ್ಟವಿತ್ತು. ಹೂವಿನ ಬಣ್ಣವೊಂದು ಮಾತ್ರ ಅವನಿಗೆ ಸರಿಬರುತ್ತಿರಲಿಲ್ಲ. ಚಹಾ ಚೆಲ್ಲಿದ ಹಾಗೆ ಕಂದು ಕಂದು.

ಕ್ಲಿನಿಕ್ ಮುಚ್ಚಿದ ಮೇಲೆ ಅವಳು ಲಾಂಡ್ರಿಯಲ್ಲೇ ಕೂತು ಬಟ್ಟೆಗಳಿಗೆ ಗುರುತು ಹಾಕತೊಡಗಿದಳು. ಒಂದು ಮಧ್ಯಾಹ್ನ ಗರಿಗರಿ ಅಂಗಡಿಯ ನೆಲವನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ಮಾಡಿದ. ಅದೇ ಕನ್ನಡಿಯ ಮೇಲೆ ಕಾಲಿಟ್ಟು ಅವಳು ಜಾರಿ ಬಿದ್ದಳು. ತೊಡೆಯವರೆಗೆ ಪ್ಲಾಸ್ಟರ್. ಲಿಫ್ಟ್ ಇಲ್ಲದ ಮನೆಗೆ ಹತ್ತುವುದು ಆಗದ ಮಾತು. ಬಸ್ ಓಡಿಸುವ ಅವಳ ತಮ್ಮ, ನೆಲಮಹಡಿಯಲ್ಲಿದ್ದ ತನ್ನ ಮನೆಗೆ ಅಕ್ಕನನ್ನು ಕರೆದುಕೊಂಡು ಹೋದ.

ಕಾರಿನಲ್ಲಿ ಕಾಲು ಚಾಚಿ ಮಲಗಿಕೊಂಡೇ ಅವಳು ಗಂಡನಿಗೆ ಪಾಠ ಹೇಳಿದಳು. "ನೀರು ಆರಿ ಕಡಿಮೆ ಆದ್ರೆ ಬರೀ ನೀರು ಹಾಕಿ. ಉಪ್ಪು ಆರಲ್ಲ, ಅದು ಒಳಗೇ ಇರುತ್ತೆ. ಮೀನಿಗೆ ಒಂದು ಚಿಟಿಕೆ ಕಾಳು ಸಾಕು. ನಿಮ್ಮ ಕೈಯಲ್ಲಿ ಯಾವಾಗ್ಲೂ ಸೋಪಿರುತ್ತೆ, ಆ ಕೈನ ತೊಟ್ಟಿಗೆ ಹಾಕಬೇಡಿ, ಸತ್ತೇ ಹೋಗುತ್ವೆ. ಮತ್ತೆ, ರೀ..."

"ಹೇಳು."

"ಇನ್ನೇನೂ ಮಾಡಬೇಡಿ. ದಯವಿಟ್ಟು."

ಬೀಳಿಸಿದವನು ತಾನು ಎಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅವಳ ಕಾಲನ್ನಂತೂ ಸರಿಮಾಡಲಾಗದು, ಅವಳ ಹೂವನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಆದರೆ ಅವಳು ದೀಪದ ವಿಷಯ ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು? ತೊಟ್ಟಿಯ ಮೇಲಿನ ದೀಪ ಬೆಳಿಗ್ಗೆ ತಾನಾಗಿ ಹತ್ತಿ ಸಂಜೆ ತಾನಾಗಿ ಆರುತ್ತಿತ್ತು.

ಆ ದೀಪದ ಬೆಳಕು ಜೋರು. ಗರಿಗರಿ ಕೂತು ನೋಡಿದ. ಅದರ ಕೆಳಗೆ ಮೀನುಗಳ ಕಿತ್ತಳೆ ಬಣ್ಣ ಇಡೀ ದಿನ ಕಾಯುತ್ತಿದೆ! ಬಣ್ಣದ ಬಟ್ಟೆಯನ್ನು ಬಿಸಿಲಿಗೆ ಹಾಕಬಾರದು, ನೆರಳಲ್ಲೇ ಒಣಗಿಸಬೇಕು ಎಂಬುದು ಲಾಂಡ್ರಿಯ ಮೊದಲ ಪಾಠ. ಅದನ್ನು ಮರೆತ ಕೆಲಸದವರನ್ನು ಅವನು ಬೈದು ಕಳಿಸಿದ್ದೂ ಉಂಟು. ಮೀನಿನ ಬಣ್ಣ ಬಿಟ್ಟು ಹೋದರೆ ಹೆಂಡತಿಗೆ ಯಾವ ಮುಖ ತೋರಿಸುವುದು? ತೆಳುವಾದ ಬಿಳಿ ಬಟ್ಟೆಯೊಂದನ್ನು ಹಲವು ಮಡಿಕೆ ಮಾಡಿ, ದೀಪದ ಕೆಳಗೆ ಗಾಜಿನ ಮುಚ್ಚಳದ ಮೇಲೆ ಹಾಸಿದ. ತೊಟ್ಟಿಯೊಳಗೆ ಸಂಜೆಯ ಹಾಗೆ ತಂಪು ನೆರಳು ಬಿತ್ತು. ಅಂಚು ಅಂಚಿಗೆ ಕೂತಿತ್ತು ಮಡಿಕೆ. ಅವನಿಗೆ ಸಮಾಧಾನವಾಯಿತು.

ಮೀನುಗಳ ಬಣ್ಣಕ್ಕೆ ಏನೂ ಆಗಲಿಲ್ಲ. ಹೂವಿನ ಬಣ್ಣ ಮಾತ್ರ ದಿನದಿಂದ ದಿನಕ್ಕೆ ತಿಳಿಯಾಗತೊಡಗಿತು. ಕಂದು ಹೋಗಿ ಮಾಸಲು ಹಳದಿ, ಹಳದಿ ಹೋಗಿ ಕೆನೆ, ಕೊನೆಗೊಂದು ದಿನ ಅಚ್ಚ ಬಿಳುಪು. ಗರಿಗರಿ ಬೆರಗಾಗಿ ನಿಂತ. ಸೋಪಿಲ್ಲ, ತಿಕ್ಕಿಲ್ಲ, ಕಲೆ ತಾನಾಗಿ ಬಿಟ್ಟಿದೆ! ಹೂವು ಸ್ವಲ್ಪ ಚಿಕ್ಕದಾದಂತೆ ಕಂಡಿತು, ಹೌದು. ಒಗೆದ ಮೇಲೆ ಯಾವ ಬಟ್ಟೆ ಚಿಕ್ಕದಾಗುವುದಿಲ್ಲ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಗೊತ್ತಿರುವ ಗಾದೆ ಬೇಕಾದ ಹೊತ್ತಿಗೆ ಯಾರಿಗೆ ನೆನಪಾಗುತ್ತದೆ?

ಅವನದು ಗುಂಡಿ ಒತ್ತುವ ಹಳೇ ಫೋನು, ಬಕೆಟ್ಟಿಗೆ ಬಿದ್ದರೂ ಸಾಯದ್ದು. ಅದರಲ್ಲಿ ಚಿತ್ರ ಕಳಿಸುವ ಪ್ರಶ್ನೆಯೇ ಇಲ್ಲ. ಹೆಂಡತಿ ದಿನಾ "ಹೂವು ಹೇಗಿದೆ?" ಎಂದು ಕೇಳುವಳು, ಅವನು "ಗುಂಡುಕಲ್ಲಿನ ಹಾಗಿದೆ" ಎನ್ನುವನು. ಆ ದಿನ ಮಾತ್ರ ಅವನಿಗೆ ಖುಷಿ ಅದುಮಿಡಲಾಗಲಿಲ್ಲ.

"ಬಂದು ನೋಡಿದ್ರೆ ನೀನು ಗುರುತೇ ಹಿಡಿಯಲ್ಲ ಕಣೇ. ಬೆಳ್ಳಗೆ, ಹೊಸ ಶರ್ಟಿನ ಕಾಲರ್ ಥರ ಇದೆ."

"ಏನು ಬೆಳ್ಳಗೆ?"

"ನಿನ್ನ ಹೂವು. ಆ ಚಹಾ ಬಣ್ಣ ಇತ್ತಲ್ಲ, ಪೂರ್ತಿ ಹೋಗಿದೆ. ನಾನು ಕೈ ಕೂಡ ಹಾಕಿಲ್ಲ."

ಅವಳು ಮೆಲ್ಲಗೆ ಕೇಳಿದಳು. "ರೀ, ದೀಪಕ್ಕೆ ಏನು ಮಾಡಿದ್ರಿ?"

ಅವನು ಹೇಳಿದ. ನೆರಳಿನ ಪಾಠವನ್ನೂ, ಮಡಿಕೆಯ ಅಂದವನ್ನೂ ಸೇರಿಸಿಯೇ ಹೇಳಿದ.

"ಅದು ಕೊಳೆ ಅಲ್ಲ ರೀ" ಎಂದಳು ಅವಳು. "ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ. ಬೆಳಕು ಬಿದ್ರೆ ಆ ಪಾಚಿನೇ ಅಡುಗೆ ಮಾಡಿ ಹೂವಿಗೆ ಬಡಿಸುತ್ತೆ. ಕಂದು ಬಣ್ಣ ಅಂದ್ರೆ ಅದೇ. ಬೆಳ್ಳಗಾಗಿದೆ ಅಂದ್ರೆ ಹೊಟ್ಟೆಗಿಲ್ಲದೆ ಸಾಯ್ತಿದೆ ಅಂತ. ಅಮ್ಮನ ಏಪ್ರನ್‌ಗೆ ಮಾಡಿದ ಹಾಗೇ ಇದಕ್ಕೂ ಮಾಡಿಬಿಟ್ರಿ."

"ಏಪ್ರನ್‌ಗೇನಾಯ್ತು? ಅಷ್ಟು ಚೆನ್ನಾಗಿ..."

"ಅದು ಅಮ್ಮನ ಕೈ. ಕೋಕೋ ಕಲಸಿ ಕೈ ಒರೆಸಿಕೊಂಡಿದ್ದು. ಅಂಗೈ ಇತ್ತು, ಬೆರಳಿತ್ತು. ಮನಸ್ಸಿಗೆ ಬೇಜಾರಾದಾಗ ಅದರ ಮೇಲೆ ನನ್ನ ಕೈ ಇಟ್ಕೊಂಡು ಕೂರ್ತಿದ್ದೆ."

ಫೋನು ಕಟ್ಟಾಯಿತು. ಅಷ್ಟು ವರ್ಷ ಖುಷಿಯ ಅಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದನಲ್ಲ! ಅವನು ಹೋಗಿ ಬೀರು ತೆಗೆದು ಏಪ್ರನ್ ಹೊರತೆಗೆದ. ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಾಕಿ, ಕನ್ನಡಕ ತೆಗೆದು, ನೂಲು ನೂಲನ್ನೂ ಹುಡುಕಿದ. ಒಂದು ಚುಕ್ಕೆಯಾದರೂ ಉಳಿದಿರಬಾರದೆ? ಇರಲಿಲ್ಲ. ಅವನು ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದ. ಅಡುಗೆಮನೆಯಲ್ಲಿ ಕೋಕೋ ಡಬ್ಬಿ ಕಂಡಾಗ ಹುಚ್ಚು ಯೋಚನೆಯೊಂದು ಬಂದು ಮುಚ್ಚಳವನ್ನೂ ತೆಗೆದ. ತನ್ನ ದಪ್ಪ ಅಂಗೈ ನೋಡಿಕೊಂಡು ಮತ್ತೆ ಮುಚ್ಚಿಟ್ಟ.

ಫೋನು ಮತ್ತೆ ಹೊಡೆದುಕೊಂಡಿತು. ಹೆಂಡತಿಯೇ. ಅತ್ತು ಮುಗಿಸಿದ ಧ್ವನಿ, ಆದರೆ ಮಾತೆಲ್ಲ ಕೆಲಸದ್ದು.

"ತೊಟ್ಟಿ ಮುಂದೆ ಹೋಗಿ ನಿಂತ್ಕೊಳ್ಳಿ. ನಾನು ಕೇಳಿದ್ದಕ್ಕೆ ಮಾತ್ರ ಹೇಳಿ. ಪಾದ ಕಲ್ಲಿಗೆ ಅಂಟಿಕೊಂಡಿದೆಯಾ?"

"ಒಂದು ಕಡೆ ಎದ್ದಿದೆ."

"ಬಾಯಿ?"

"ಸ್ವಲ್ಪ ತೆರೆದ ಹಾಗಿದೆ."

"ಎಳೆಗಳು?"

"ಜೋತು ಬಿದ್ದಿವೆ. ಮುದುಡಿವೆ." ಹೇಳುತ್ತ ಹೇಳುತ್ತ ಅವನಿಗೇ ಕಂಡಿತು. ಬಿಳುಪಿನ ಸಡಗರದಲ್ಲಿ ಇದೊಂದನ್ನೂ ಅವನು ನೋಡಿರಲಿಲ್ಲ. "ಬಟ್ಟೆ ಈಗಲೇ ಕಿತ್ತು ಬಿಸಾಕ್ತೀನಿ ಕಣೇ."

"ಬೇಡ! ಒಂದೇ ಸಲ ಅಷ್ಟು ಬೆಳಕು ಬಿದ್ರೆ ಇರೋ ಜೀವಾನೂ ಹೋಗುತ್ತೆ. ಒಂದೊಂದೇ ಮಡಿಕೆ ತೆಗೀರಿ, ನಡುನಡುವೆ ಕೆಲವು ದಿನ ಬಿಟ್ಟು. ನೀರು ಎಳ್ಕೊಳ್ಳೋ ಪಂಪಿನ ಬಾಯಿಗೆ ಸ್ಪಂಜು ಸಿಕ್ಕಿಸಿ, ಹೂವು ಕಲ್ಲು ಬಿಟ್ಟು ಅಲೆದ್ರೆ ಅದರೊಳಗೆ ಸಿಕ್ಕಿ ಚೂರಾಗುತ್ತೆ. ಸೀಗಡಿ ತಂದು ಕಾಳಿನಷ್ಟು ಚೂರು ಮಾಡಿ, ಚಿಮಟದಲ್ಲಿ ಹಿಡಿದು ಎಳೆ ಮೇಲೆ ಇಡಿ, ವಾರಕ್ಕೆ ಒಂದೆರಡು ಸಲ ಸಾಕು. ಉಗುಳಿದ್ರೆ ತೆಗೆದುಬಿಡಿ, ಮತ್ತೆ ತುರುಕಬೇಡಿ. ಆಮೇಲೆ ಸುಮ್ಮನೆ ಇರಿ. ನಿಮಗೆ ಕಷ್ಟ ಅಂತ ಗೊತ್ತು."

"ಬದುಕುತ್ತಾ?"

"ಗೊತ್ತಿಲ್ಲ" ಎಂದಳು. "ನನ್ನದು ಅಂತ ಇರೋದು ಅದೊಂದೇ ರೀ."

ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಸ್ಪಂಜು ಸಿಕ್ಕಿಸಲು ಕೈ ನೀರಿಗೆ ಹಾಕಲೇಬೇಕಿತ್ತು. ಸೋಪು ಕಂಡ ಜನ್ಮವೇ ತನ್ನದು ಎಂದು ಬೈದುಕೊಳ್ಳುತ್ತ, ಬರೀ ನೀರಿನಲ್ಲಿ ಕೈಯನ್ನು ಮೊಣಕೈವರೆಗೆ ಮತ್ತೆ ಮತ್ತೆ ತೊಳೆದ. ಮೂಸಿ ನೋಡಿದ, ಮತ್ತೆ ತೊಳೆದ. ಒಂದು ಮಡಿಕೆ ಬಟ್ಟೆ ತೆಗೆದ. ಸೀಗಡಿ ಚೂರು ಇಟ್ಟ. ಎಳೆಗಳಿಗೆ ಅದನ್ನು ಹಿಡಿದುಕೊಳ್ಳುವ ತ್ರಾಣವೇ ಇರಲಿಲ್ಲ. ಚೂರು ಜಾರಿ ಬಿತ್ತು, ಮೀನೊಂದು ಬಂದು ಕಚ್ಚಿಕೊಂಡು ಹೋಯಿತು.

ಕೆಲವು ದಿನ ಕಳೆದು ಭಾವಮೈದ ಅಕ್ಕನ ಬಟ್ಟೆ ಒಯ್ಯಲು ಬಂದ. ಅದೇ ಬೆಳಿಗ್ಗೆ ಹೂವು ಕಲ್ಲಿನಿಂದ ಪೂರ್ತಿ ಕಳಚಿಕೊಂಡು ಮರಳಿನ ಮೇಲೆ ಮಗ್ಗುಲಾಗಿತ್ತು. ಬಾಯಿ ಅಗಲವಾಗಿ ಬಿಟ್ಟುಕೊಂಡಿತ್ತು. ಮೀನುಗಳು ಬಿಟ್ಟೂ ಬಿಡದೆ ಬಂದು ಅದಕ್ಕೆ ಮೈ ಉಜ್ಜುತ್ತಿದ್ದವು. ಭಾವಮೈದ ಗಾಜಿಗೆ ಮೂಗು ತಾಗಿಸಿ ನೋಡಿದ.

"ಇದು ಮುಗೀತು ಭಾವ. ಸತ್ತು ಕೊಳೆತ್ರೆ ನೀರೆಲ್ಲ ವಿಷ ಆಗುತ್ತಂತೆ, ಅಕ್ಕನೇ ಹೇಳ್ತಿದ್ಲು. ಮೀನಾದ್ರೂ ಉಳೀಲಿ. ತೆಗೆದು ಬಿಸಾಕಿ, ಅಕ್ಕಂಗೆ ನಾನು ಹೇಳ್ತೀನಿ."

ಮಾತು ಸುಳ್ಳಲ್ಲ. ಬಿಟ್ಟರೆ ಮೀನೂ ಹೋದೀತು, ತೆಗೆದರೆ ಹೂವನ್ನು ತಾನೇ ಕೊಂದ ಹಾಗೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ಗರಿಗರಿಯ ಪಾಡು. ಅವನು ಹೆಂಡತಿಗೆ ಫೋನು ಮಾಡಿದ.

"ನೀರು ಮೂಸಿ ನೋಡಿ" ಎಂದಳು ಅವಳು. "ಸತ್ತಿದ್ರೆ ನಾರುತ್ತೆ. ತಡೆಯೋಕಾಗದಷ್ಟು ನಾರುತ್ತೆ. ಹಾಗಿದ್ರೆ ತೆಗೆದುಬಿಡಿ. ನಿಮ್ಮ ಮೂಗನ್ನ ನಾನು ನಂಬ್ತೀನಿ."

ಗರಿಗರಿಯ ಮೂಗು ಬೀದಿಗೇ ಹೆಸರುವಾಸಿ. ಕೋಟಿನ ಕಂಕುಳು ಮೂಸಿ ಗಿರಾಕಿ ಸಿಗರೇಟು ಬಿಟ್ಟಿದ್ದಾನೋ ಇಲ್ಲವೋ ಎಂದು ಹೇಳುವಂಥ ಮೂಗು. ಲೋಟದಲ್ಲಿ ನೀರು ತೆಗೆದು, ಕಣ್ಣು ಮುಚ್ಚಿ ಮೂಸಿದ. ಉಪ್ಪು. ಒದ್ದೆ ಕಲ್ಲು. ಇನ್ನೊಮ್ಮೆ ಮೂಸಿದ. ಚಿಮಟದ ತುದಿಯನ್ನು ಹೂವಿನ ಹತ್ತಿರದ ನೀರಿನಲ್ಲಿ ಅದ್ದಿ ಅದನ್ನೂ ಮೂಸಿದ.

"ಇಲ್ಲ" ಎಂದ. "ಸತ್ತಿಲ್ಲ. ಇದಕ್ಕೆ ಜೀವ ಇದೆ."

"ಹಾಗಾದ್ರೆ ಬಿಡಿ."

"ಬಿಟ್ಟೆ."

ಮೀನುಗಳ ಕಾಟ ತಪ್ಪಿಸಲು ಮಾತ್ರ ಅವಳನ್ನು ಕೇಳಿ ಒಂದು ಉಪಾಯ ಮಾಡಿದ. ಬಟ್ಟೆಯ ಕ್ಲಿಪ್ಪು ಹಾಕಿಡುವ ತೂತಿನ ಬುಟ್ಟಿ, ಸೋಪು ಕಾಣದ ಹೊಸದು, ತಂದು ಹೂವಿನ ಮೇಲೆ ಮೆಲ್ಲಗೆ ಕವುಚಿದ, ಪಕ್ಕದಲ್ಲಿ ಒಂದು ಕಲ್ಲನ್ನೂ ಒಳಗೆ ಸೇರಿಸಿ. ಅದಾದ ಮೇಲೆ ಕುರ್ಚಿ ಎಳೆದು ಎದುರಿಗೆ ಕೂತ. ಕೈ ಸುಮ್ಮನಿರದೆ ಮುಂದೆ ಹೋಗುತ್ತಿತ್ತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ. ಇಷ್ಟು ವಯಸ್ಸಿಗೆ ಅವನು ಕಲಿತ ಅತಿ ಕಷ್ಟದ ಕೆಲಸ ಅದು. ನಗಬೇಡಿ. ನಾವೆಲ್ಲ ಪ್ರೀತಿಸಿದವರನ್ನು ಸರಿಮಾಡಲು ಹೋಗಿ ಎಷ್ಟು ಕಡೆ ಬಣ್ಣ ತೆಗೆದಿದ್ದೇವೋ ಯಾರಿಗೆ ಗೊತ್ತು.

ಅಂಗಡಿಗೆ ಹೋದರೂ ಅವನ ಜೀವ ಮೂರನೇ ಮಹಡಿಯಲ್ಲೇ ಇರುತ್ತಿತ್ತು. ಒಂದು ದಿನ ಯಾರದೋ ಶರ್ಟಿನ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆ ಬಿಟ್ಟು ಮೈಮರೆತ. ಸುಟ್ಟ ವಾಸನೆ ಕ್ಷೌರದವನಿಗೇ ಮೊದಲು ಬಡಿಯಿತು.

ಮೊದಲು ಹೂವಿನ ಬಾಯಿ ಮುಚ್ಚಿಕೊಂಡಿತು. ಆಮೇಲೊಂದು ಮಧ್ಯಾಹ್ನ ಬಂದು ನೋಡುವಾಗ ಹೂವು ಆ ಕಲ್ಲಿನ ಬುಡಕ್ಕೆ ಪಾದ ಊರಿತ್ತು. ಸೀಗಡಿಯ ಚೂರು ಇಟ್ಟರೆ ಎಳೆಗಳು ಅದನ್ನು ಅಂಟಿಸಿಕೊಂಡು, ನಿಧಾನವಾಗಿ ನಡುವಿಗೆ ಬಾಗಿ ಬಾಯಿಗಿಟ್ಟವು. ಗರಿಗರಿ ನೋಡುತ್ತಲೇ ಇದ್ದ. ಉಗುಳಲಿಲ್ಲ. ಆದರೆ ಬಿಳುಪು ಹಾಗೆಯೇ ಇತ್ತು. ಮಡಿಕೆಗಳು ಒಂದೊಂದಾಗಿ ಕಡಿಮೆಯಾದವು. ಕೊನೆಯ ಮಡಿಕೆ ತೆಗೆದು ಎಷ್ಟೋ ದಿನವಾದ ಮೇಲೆ, ಎಳೆಯೊಂದರ ಬುಡದಲ್ಲಿ ಏನೋ ಕಂಡಂತಾಯಿತು. ತಿಳಿ ಚಹಾ ಒಂದು ಹನಿ ತಾಗಿದ ಹಾಗೆ. ಜಗತ್ತಿನಲ್ಲಿ ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಅದು. ಆದರೆ ಜೀವಮಾನವಿಡೀ ಇಂಥದ್ದನ್ನೇ ಹುಡುಕಿದ ಕಣ್ಣು ಅವನದು.

ಕಿಟಕಿಯ ಬಳಿ ನಿಂತು ಹೆಂಡತಿಗೆ ಫೋನು ಮಾಡಿ ಕೂಗಿದ. "ಕಲೆ ಬಂದಿದೆ ಕಣೇ! ಕಲೆ ಬಂದಿದೆ!"

ಕೆಳಗೆ ಕ್ಷೌರದವನು ಗಿರಾಕಿಯ ಗಲ್ಲದ ಮೇಲೆ ಕತ್ತಿ ಹಿಡಿದವನು ಹಾಗೆಯೇ ನಿಂತುಬಿಟ್ಟ. ಗರಿಗರಿ ಕಲೆ ಬಂತೆಂದು ಕುಣಿಯುವ ಕಾಲವೂ ಬಂತೆ! ಫೋನಿನ ಆ ಕಡೆ ಅವಳು ಅತ್ತಳು. ಈ ಸಲದ ಅಳು ಯಾವುದು ಎಂದು ಅವನು ತಾನಾಗಿ ತೀರ್ಮಾನಿಸಲಿಲ್ಲ. ಕೇಳಿದ.

"ಖುಷಿಗೇ ರೀ" ಎಂದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಊರುಗೋಲು ಹಿಡಿದು ಮನೆಗೆ ಬಂದಳು. ಪ್ರತಿ ಮಹಡಿಯ ತಿರುವಿನಲ್ಲೂ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡಳು. ಅವನು ಹಿಂದೆಯೇ ಬಂದ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು. ತೊಟ್ಟಿಯ ಮುಂದೆ ಕೂತು ಗಾಜಿಗೆ ಮುಖ ಹತ್ತಿರ ತಂದು ನೋಡಿದಳು. ಹೂವು ಮೊದಲಿನಷ್ಟು ದೊಡ್ಡದಿರಲಿಲ್ಲ, ಬಣ್ಣವೂ ಅರ್ಧವೇ. ಆದರೆ ಎಳೆಗಳೆಲ್ಲ ಅರಳಿಕೊಂಡು ತೂಗುತ್ತಿದ್ದವು. ಬುಟ್ಟಿ ತೆಗೆದಾಗಿತ್ತು. ಮೀನುಗಳು ಮತ್ತೆ ಒಳಹೊಕ್ಕು ಹೊರಬರುತ್ತಿದ್ದವು.

ಗರಿಗರಿ ಪಕ್ಕದಲ್ಲಿ ಬಂದು ನಿಂತ. "ಇದು ವಾಪಸ್ ಬಂತು. ಅದು ಬರಲ್ಲ. ಅಮ್ಮನ ಕೈ. ನಾನು ತುಂಬ ಹುಡುಕಿದೆ ಕಣೇ, ಒಂದು ಚುಕ್ಕೆನೂ ಉಳಿಸಿಲ್ಲ ನಾನು."

ಅವಳು ಅವನ ಕಡೆ ತಿರುಗಲಿಲ್ಲ. "ಗೊತ್ತು" ಎಂದಳು. ಅಷ್ಟೇ. ಕ್ಷಮಿಸಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎದ್ದು ಬರುವಾಗ ಅವಳು ತೊಟ್ಟಿಯ ಗಾಜು ಉಜ್ಜುತ್ತಿದ್ದಳು. ಮೈಮೇಲೆ ತಾಯಿಯ ಏಪ್ರನ್. ಅವನೇ ಗಂಜಿ ಹಾಕಿದ್ದ ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು.

"ಅದನ್ನ ಯಾಕೆ ಹಾಕ್ಕೊಂಡೆ?" ಎಂದ ಅವನು ಗಾಬರಿಯಿಂದ.

"ಬೆಳ್ಳಗೆ ಇಟ್ಕೊಂಡು ಏನು ಮಾಡ್ಲಿ?" ಎಂದಳು. ಗಾಜಿನ ಒಳಬದಿಯ ಪಾಚಿಯನ್ನು ಅಂಗೈಯಿಂದ ಬಳಿದು ತೆಗೆದಳು. ಆ ಕೈಯನ್ನು, ಅವಳ ತಾಯಿ ಒರೆಸಿಕೊಂಡ ಜಾಗದಲ್ಲೇ, ಒಮ್ಮೆ ಒತ್ತಿ ಒರೆಸಿಕೊಂಡಳು. ಕಂದುಹಸಿರು ಅಂಗೈ, ಐದು ಬೆರಳು.

ಗರಿಗರಿಯ ಕೈ ಮುಂದೆ ಬಂತು. ಪಾಚಿಯ ಕಲೆ, ಒಣಗುವ ಮೊದಲೇ ತಣ್ಣೀರಿಗೆ ಹಾಕಬೇಕು. ನಾಲಿಗೆಯ ತುದಿಗೆ ಬಂದಿತ್ತು.

"ಏನು?" ಎಂದಳು ಅವಳು.

"ಏನಿಲ್ಲ" ಎಂದು ಅವನು ಕೈಗಳನ್ನು ಜೇಬಿಗೆ ಹಾಕಿಕೊಂಡ.

ಏಪ್ರನ್ ಈಗ ತೊಟ್ಟಿಯ ಪಕ್ಕದ ಮೊಳೆಗೆ ನೇತಾಡುತ್ತಿದೆ. ವಾರ ವಾರ ಮನೆಯ ಬಟ್ಟೆಗಳನ್ನೆಲ್ಲ ಬುಟ್ಟಿಗೆ ತುಂಬಿ ಅಂಗಡಿಗೆ ಹೊತ್ತೊಯ್ಯುವಾಗ ಗರಿಗರಿ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾನೆ. ಆಮೇಲೆ ಬುಟ್ಟಿ ಎತ್ತಿಕೊಂಡು, ಅದನ್ನು ಅಲ್ಲೇ ಬಿಟ್ಟು, ಮೆಟ್ಟಿಲಿಳಿದು ಹೋಗುತ್ತಾನೆ.